ಯಾರೂ ತುಳಿಯದ ಜಾಗ

ಅರಮನೆಯ ಹೆಂಗಸರ ಕಕ್ಕಸಿನಿಂದ ಹೊರಗೆ ಬಂದ ಪಕ್ಕೀರಮ್ಮನ ಕೈಯಲ್ಲಿ ಒಂದು ಕಾಗದದ ಲೋಟವಿತ್ತು. ಅದರ ಬಾಯಿಗೆ ಸೆರಗು ಮುಚ್ಚಿ, ತುಂಬಿದ ಕೊಡ ಹೊತ್ತವಳಂತೆ ಮೆಲ್ಲಗೆ ಹೆಜ್ಜೆ ಹಾಕುತ್ತಿದ್ದಳು. ಕಾಯುತ್ತಿದ್ದ ಏಕಾಂತಪ್ಪ ಮೇಷ್ಟ್ರು ಗಡಿಯಾರ ನೋಡಿಕೊಂಡರು. ಕೂಡ್ಲಿಗಿಯ ಸೋಬಾನೆ ಪದದ ಮೇಳವನ್ನು ವಿಯೆನ್ನಾದ ಉತ್ಸವಕ್ಕೆ ಕರೆತಂದವರು ಅವರೇ. ಹಾಡುವುದು ಮುಗಿದು, ಊರು ನೋಡಲು ಸಿಕ್ಕಿದ್ದು ಇದೊಂದು ಮಧ್ಯಾಹ್ನ. ಮೇಳದ ಉಳಿದವರು ಆಗಲೇ ಬಸ್ಸಿನಲ್ಲಿ ಕೂತಿದ್ದರು.

“ಲಗೂನ ನಡೀರಿ. ಇನ್ನ ತಿರಗೋ ತೊಟ್ಲು ನೋಡದೈತಿ. ಒಂದೊಂದು ತೊಟ್ಲು ಅಂದ್ರ ಒಂದೊಂದು ಮನಿಯಷ್ಟು ಅದಾವಂತ. ಬಸ್ಸಿನವ ಯಾರಿಗೂ ನಿಂದ್ರಂಗಿಲ್ಲ.”

“ಅರಮನಿ ನೋಡಿದ್ವಲ್ರೀ, ಸಾಲದೇನು?” ಎಂದಳು ಮೇಳದ ಹಿರಿಯಳು ಸುಂಕಮ್ಮ. “ಸಾವಿರದ ಮ್ಯಾಲೆ ಖೋಲಿ ಅಂದ್ರಿ. ದಿನಾ ಕಸ ಹೊಡದು ಯಾವ ಸೊಸಿ ಸತ್ತಳೋ!”

ಮೇಷ್ಟ್ರಿಗೆ ನಗು ಬಂತು. ಆಗಲೇ ಲೋಟ ಕಣ್ಣಿಗೆ ಬಿತ್ತು. “ಅದರಾಗೇನೈತಿ, ಪಕ್ಕೀರವ್ವಾ?”

ಪಕ್ಕೀರಮ್ಮ ತಲೆ ತಗ್ಗಿಸಿದಳು. ಸುಂಕಮ್ಮ ಇಬ್ಬರ ನಡುವೆ ಬಂದು ನಿಂತು, “ಕೂಸಿನ ಹಾಲು” ಎಂದಳು.

ಒಂಬತ್ತು ತಿಂಗಳ ಮಗನನ್ನು ನೆಗೆಣ್ಣಿಯ ಮಡಿಲಿಗೆ ಹಾಕಿ ಬಂದವಳು ಪಕ್ಕೀರಮ್ಮ. ಅವನು ಇಲ್ಲಿಲ್ಲ ಎನ್ನುವುದು ಅವಳ ಎದೆಗೆ ಗೊತ್ತಿರಲಿಲ್ಲ. ಹೊತ್ತು ಹೊತ್ತಿಗೆ ಬಿಗಿದು ಕಲ್ಲಾಗುತ್ತಿತ್ತು, ಹಿಂಡಲೇಬೇಕು. ಹೋಟೆಲಿನ ಕೋಣೆಯಲ್ಲಿದ್ದಾಗ ಹಿಂಡಿದ್ದನ್ನು ಹಾಕಲು ಕಿಟಕಿಯ ಹೂಕುಂಡ ಸಾಕಾಗಿತ್ತು. ಈವತ್ತು ಊರು ನೋಡುವಾಗಲೇ ಎದೆ ಬಿಗಿದಿತ್ತು.

“ಒಳಗ ನೀರು ಬಿಡೋ ಕಡಿ ಚೆಲ್ಲಿ ಬಂದಿದ್ರ ಮುಗೀತಿತ್ತಲ್ಲ?”

“ಕೂಸಿನ ಹಾಲು ಕಕ್ಕಸದಾಗ ಚೆಲ್ಲಬೇಕೇನ್ರೀ? ಹಡದೋರು ಯಾರಾರ ಹಂಗ ಮಾಡ್ತಾರೇನು? ನಿಮ್ಮವ್ವ ಮಾಡಿದ್ಲೇನು?” ಸುಂಕಮ್ಮನದು ಪದ ಹಾಡುವ ಗಂಟಲು; ಸುತ್ತಲಿನ ನಾಲ್ಕು ಮಂದಿ ತಿರುಗಿ ನೋಡಿದರು.

ಪಕ್ಕೀರಮ್ಮ ನೆಲ ನೋಡುತ್ತಲೇ ಬಾಯಿ ಬಿಟ್ಟಳು. “ಮಂದಿ ತುಳಿಯೋ ಕಡಿ ಬಿದ್ರ ಎದಿ ಬತ್ತತೈತಂತ್ರಿ ಮೇಷ್ಟ್ರೇ. ಗಿಡದ ಬುಡಕ್ಕ ಹಾಕಬೇಕು. ಇಲ್ಲೇ ಬತ್ತಿಹೋದ್ರ, ಊರಿಗೆ ಹೋಗಿ ಕೂಸಿಗೆ ಏನು ಕುಡಸ್ಲಿ?”

ಮೂವರೂ ಅರಮನೆಯ ಹಿಂದಿನ ತೋಟಕ್ಕೆ ಇಳಿದರು. ಎಲ್ಲಿ ನೋಡಿದರೂ ಜಲ್ಲಿಕಲ್ಲಿನ ದಾರಿ, ದಾರಿ ತುಂಬ ಬೂಟು. ಮರಗಳ ಕೆಳಗೆ ಜನ ಬುತ್ತಿ ಬಿಚ್ಚಿ ಕಾಲು ಚಾಚಿದ್ದರು. ಹುಲ್ಲಿನ ಮೇಲೆ ಮಕ್ಕಳು ಉರುಳುತ್ತಿದ್ದವು. ಕಾರಂಜಿಯ ಕಟ್ಟೆಯಿಂದಲೂ ಯಾರೋ ಪಾದ ಇಳಿಬಿಟ್ಟಿದ್ದರು. ಒಂದೊಂದು ಕಡೆಯೂ ಪಕ್ಕೀರಮ್ಮ ನಿಲ್ಲುವಳು, ನೋಡುವಳು, ತಲೆಯಾಡಿಸಿ ಮುಂದೆ ಹೋಗುವಳು.

“ಇಷ್ಟು ದೊಡ್ಡ ಊರಾಗ ಒಂದು ಹಿತ್ತಲ ಇಲ್ಲಲ್ಲೇ ಯವ್ವಾ!” ಸುಂಕಮ್ಮ ಸೊಂಟ ಹಿಡಿದು ನಿಂತಳು.

ದೂರದಲ್ಲಿ ಬಸ್ಸು ಹಾರ್ನ್ ಹೊಡೆಯಿತು. ಮೇಷ್ಟ್ರ ಕತ್ತು ತಾನಾಗಿಯೇ ಅತ್ತ ತಿರುಗಿತು. ಊರು ಬಿಟ್ಟಾಗಿನಿಂದ ಅವರು ಆ ತೊಟ್ಟಿಲ ಮಾತೇ ಆಡುತ್ತಿದ್ದರು. ವಿಮಾನದಲ್ಲಿ ಪಕ್ಕದವನಿಗೂ ಹೇಳಿದ್ದರು.

“ನೀವು ಹೋಗ್ರಿ ಮೇಷ್ಟ್ರೇ,” ಎಂದಳು ಪಕ್ಕೀರಮ್ಮ. “ನಾವಿಬ್ರು ಇಲ್ಲೇ ಕುಂತಿರ್ತೀವಿ.”

“ನಿಮ್ಮನ್ನ ಇಲ್ಲಿ ಬಿಟ್ಟು, ತೊಟ್ಲಾಡಿ ಬಂದೆ ಅಂತ ಕೂಡ್ಲಿಗ್ಯಾಗ ಮಾರಿ ತೋರಸ್ಲೇನು? ನಡೀರಿ, ಆ ಕಡಿ ಒಂದೀಟು ನೋಡಿ ಬರಾಣು.”

ಆ ಕಡೆ ಗುಲಾಬಿಯ ಸಾಲಿತ್ತು. ಸುತ್ತ ಕಬ್ಬಿಣದ ಗಿಡ್ಡ ಕಂಬ, ಕಂಬಕ್ಕೆ ಹಗ್ಗ, ಹಗ್ಗಕ್ಕೆ ಒಂದು ಬೋರ್ಡು. ಮೇಷ್ಟ್ರು ಕನ್ನಡಕ ಏರಿಸಿ ಕೆಳಗಿನ ಇಂಗ್ಲಿಷ್ ಸಾಲು ಓದಿದರು. ಮುಖ ಸಪ್ಪಗಾಯಿತು. “ಇಲ್ಲಿ ಆಗಂಗಿಲ್ಲ. ಒಳಗ ಯಾರೂ ಕಾಲಿಡಬಾರದು ಅಂತ ಬರದಾರ.”

“ಯಾರೂ?”

“ಯಾರೂ.”

ಸುಂಕಮ್ಮ ಪಕ್ಕೀರಮ್ಮನ ಬೆನ್ನು ತಟ್ಟಿದಳು. “ಹಾಕವ್ವ ಮತ್ತ. ಬೋರ್ಡು ಹಾಕಿ ಇಟ್ಕಂಡಾರ ನಿನಗಂತ!”

ಪಕ್ಕೀರಮ್ಮ ಚಪ್ಪಲಿ ಬಿಟ್ಟಳು. ಹಗ್ಗ ದಾಟದೆ ಅದರ ಮೇಲಿಂದಲೇ ಬಾಗಿ, ಕೈ ಚಾಚಿ, ತುದಿಯ ಗಿಡದ ಬುಡಕ್ಕೆ ಸಣ್ಣಗೆ ಹೊಯ್ದಳು. ಲೋಟ ಖಾಲಿಯಾದ ಮೇಲೂ ಬಾಗಿಯೇ ಇದ್ದಳು. ತುಟಿ ಅಲುಗುತ್ತಿತ್ತು. ಯಾವ ದೇವರಿಗೆ ಹೇಳಿದಳೋ, ಕೂಸಿಗೇ ಹೇಳಿದಳೋ.

“ಹೇಯ್!”

ನೀರಿನ ಪೈಪು ಎಳೆದುಕೊಂಡು ಹಸಿರು ಅಂಗಿಯ ಮುದುಕ ಮಾಲಿ ಓಡಿ ಬಂದ. ಬೋರ್ಡಿಗೆ ಬೆರಳು ಬಡಿದು ತನ್ನ ಭಾಷೆಯಲ್ಲಿ ಬೈಯತೊಡಗಿದ. ಮೇಷ್ಟ್ರು ಇಂಗ್ಲಿಷಿಗಾಗಿ ತಡಕಾಡಿದರು. ಬಿಎಡ್‌ನಲ್ಲಿ ಕಲಿತ ಯಾವ ವಾಕ್ಯವೂ ಇದಕ್ಕೆ ಹೊಂದಲಿಲ್ಲ. ಪಕ್ಕೀರಮ್ಮ ಹೆದರಲಿಲ್ಲ. ಖಾಲಿ ಲೋಟ ಅವನಿಗೆ ತೋರಿಸಿದಳು. ಆಮೇಲೆ ಎರಡೂ ತೋಳು ಕೂಡಿಸಿ ಕೂಸು ತೂಗಿದಳು. ತೂಗುತ್ತ ಬಲಗೈ ಎತ್ತಿ ದೂರಕ್ಕೆ, ಮರಗಳಾಚೆಗೆ, ಆಕಾಶದಾಚೆಗೆ ತೋರಿಸಿದಳು.

ಮಾಲಿ ಬೈಗುಳ ನಿಲ್ಲಿಸಿದ. ಬಾಗಿ ಗಿಡದ ಬುಡ ನೋಡಿದ. ಕರಿ ಮಣ್ಣಿನಲ್ಲಿ ಬಿಳುಪು ಇನ್ನೂ ಇಂಗಿರಲಿಲ್ಲ. ಪಕ್ಕೀರಮ್ಮನ ಮುಖ ನೋಡಿ, ಮೆತ್ತಗೆ ಏನೋ ಅಂದ.

“ಏನಂತಾನ್ರೀ?” ಸುಂಕಮ್ಮ ಪಿಸುಗುಟ್ಟಿದಳು.

“ತಿಳೀಲಿಲ್ಲಬೇ.”

ಅವನು ಸಾಲಿನ ಆ ತುದಿಗೆ ಹೋಗಿ ನೀರು ಬಿಡುತ್ತ ಬಂದ. ಒಂದೊಂದು ಬುಡಕ್ಕೂ ನಿಂತು, ಮಣ್ಣು ತೊಯ್ಯುವವರೆಗೆ ಬಿಟ್ಟ. ಹಾಲು ಬಿದ್ದ ಕೊನೆಯ ಗಿಡದ ಹತ್ತಿರ ಬಂದಾಗ ಪೈಪನ್ನು ಮುಷ್ಟಿಯಲ್ಲಿ ಮಡಚಿ ಹಿಡಿದ. ಒಂದು ಹನಿಯೂ ಬೀಳದಂತೆ ಅದನ್ನು ದಾಟಿ, ಮುಂದಿನ ಸಾಲಿಗೆ ಹೋದ.