ನೊರೆಯ ಗಣಪತಿ

ಕಾಫಿ ಅಂಗಡಿಗೆ ಗಿರಾಕಿಗಳು ಬಾರದಿರಲು ಸುಕನ್ಯೆಯೇ ಕಾರಣವೆಂದು ಯಜಮಾನರು ನಿರ್ಣಯಿಸಿಬಿಟ್ಟಿದ್ದರು. ಹಾಲಿನ ನೊರೆಯ ಮೇಲೆ ಅವಳು ಬಿಡಿಸುತ್ತಿದ್ದ ಹೃದಯ, ಗುಲಾಬಿಗಳು ಈ ಊರಿನ ಸಂಸ್ಕಾರಕ್ಕೆ ಒಗ್ಗುವುದಿಲ್ಲವಂತೆ.

"ಇಂದೂ ವ್ಯಾಪಾರವಾಗದಿದ್ದರೆ ನಾಳೆಯಿಂದ ನೀನು ಬರಬೇಡಮ್ಮ," ಎಂದು ಹೇಳಿ ಹೋದರು.

ಅಂದು ಸಂಕಷ್ಟಿ. ಕೆಲಸ ಉಳಿಸಪ್ಪಾ ಎಂದು ಮನದಲ್ಲೇ ಬೇಡಿಕೊಂಡು, ಅವಳು ನೊರೆಯ ಮೇಲೆ ಸೊಂಡಿಲು ಸಹಿತ ಗಣಪತಿಯನ್ನೇ ಮೂಡಿಸಿ, ಒಳಬಂದ ನಿವೃತ್ತ ಮೇಷ್ಟರ ಮುಂದಿಟ್ಟಳು.

ಮೇಷ್ಟರು ಚಪ್ಪಲಿ ಕಳಚಿ ಕೈಮುಗಿದರು.

"ಆರಿಹೋಗುತ್ತದೆ, ಕುಡಿಯಿರಿ ಮೇಷ್ಟ್ರೇ."

"ದೇವರನ್ನು ಕುಡಿ ಎನ್ನುತ್ತೀಯಲ್ಲ, ಮನೆಯಲ್ಲಿ ಹಿರಿಯರು ಯಾರೂ ಇಲ್ಲವೇ?"

ಮಧ್ಯಾಹ್ನದೊಳಗೆ ಊರಿಗೆ ಊರೇ ಸಾಲುಗಟ್ಟಿತು. ಗರಿಕೆ ಬಂತು, ಕರ್ಪೂರ ಬಂತು, ಕಪ್ಪಿನ ಸುತ್ತ ಚಿಲ್ಲರೆ ಕಾಸು ಬಿತ್ತು. ನೊರೆ ಕುಗ್ಗಿ ಸೊಂಡಿಲು ಮಾಯವಾದರೂ ಭಕ್ತಿ ಮಾತ್ರ ಕುಗ್ಗಲಿಲ್ಲ. ಕಾಫಿ ಕೇಳಿದವರು ಒಬ್ಬರೂ ಇಲ್ಲ.

ಸಂಜೆ ಯಜಮಾನರು ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದರು. ಸುಕನ್ಯೆ ತಾನಾಗಿಯೇ ಏಪ್ರನ್ನಿನ ಗಂಟಿಗೆ ಕೈಹಾಕಿದಳು.

"ಬಿಚ್ಚಿಡು ತಾಯಿ," ಎಂದರು ಅವರು, ಚಪ್ಪಲಿಯನ್ನು ಹೊರಗೇ ಬಿಟ್ಟು ಒಳಬರುತ್ತ. "ನಾಳೆಯಿಂದ ಮಡಿಸೀರೆ ಉಟ್ಟು ಬಾ. ಹುಂಡಿಗೆ ಹೇಳಿಕಳಿಸಿದ್ದೇನೆ."