ಪಡಸಾಲೆಯಲ್ಲಿ ಎತ್ತಿದ ಕೈಗಳು

ಹಳೆಯ ಪತ್ರಿಕೆಯ ಮಸಿಯ ವಾಸನೆ ಮೂಗಿಗೆ ಬಡಿದರೆ ಇಂದಿಗೂ ನನ್ನ ಕೈ ತಾನಾಗಿ ಮೇಲೇಳುತ್ತದೆ.

ನೆಲೋಗಿಯ ನಮ್ಮ ಪಡಸಾಲೆಯಲ್ಲಿ ಕಾಕಾ ಸೊಲ್ಲಾಪುರದಿಂದ ತಂದ ಪತ್ರಿಕೆ ಓದುತ್ತಿದ್ದ. "ಅಮೆರಿಕಾದಾಗ ದೊರೀನ ಮಂದೀನೇ ಆರಿಸ್ತಾರ. ಹೆಚ್ಚು ಮಂದಿ ಹೂಂ ಅಂದದ್ದೇ ಖರೆ."

ಅಪ್ಪನೂ ಅಜ್ಜನೂ ಕೇಳುತ್ತಿರಲಿಲ್ಲ. ಹೊರಗೆ ಕಟ್ಟೆಯ ಮೇಲೆ ಇಜೇರಿಯ ಗಂಡಿನ ಕಡೆಯವನು ಕಾದಿದ್ದ. ಅಜ್ಜ ಎಲೆ ಅಡಿಕೆ ಕೊಟ್ಟರೆ ಮುಗಿಯಿತು, ನನ್ನ ಅಕ್ಕ ಹೆಂಡತಿ ಸತ್ತ ಮುದುಕನ ಪಾಲು.

"ಹಂಗಿದ್ರ ಇಲ್ಲೂ ಈ ಮದುವಿ ಬ್ಯಾಡ ಅನ್ನೋರು ಕೈ ಎತ್ರಿ," ಎಂದೆ. ಬೇಡವೆಂದು ಅಡುಗೆಮನೆಯ ಬಾಗಿಲಲ್ಲಿ ಅಜ್ಜಿ, ಅವ್ವ, ಅಕ್ಕ ಕೈ ಎತ್ತಿದರು. ನನ್ನದು ಸೇರಿ ನಾಲ್ಕು; ಗಂಡಸರು ಮೂವರೇ.

ಕಾಕಾ ನಕ್ಕ. "ಹೆಣ್ಣಮಕ್ಕಳ ಕೈ ಲೆಕ್ಕಕ್ಕಿಲ್ಲ ಬೇ. ಅಲ್ಲೂ ನೂರು ವರ್ಷಕ್ಕಿಂತ ಹೆಚ್ಚು ಕಾಲ ಹೆಣ್ಣಮಕ್ಕಳಿಗೆ ವೋಟು ಇದ್ದಿದ್ದಿಲ್ಲ."

"ಈಗ?"

"ಈಗ ಅದ. ಜಗಳಾಡಿ ತಗೊಂಡ್ರು."

"ಇದು ಅಮೆರಿಕಾ ಅಲ್ಲ," ಎಂದು ಅಜ್ಜ ಎಲೆಯ ತಟ್ಟೆ ಎತ್ತಿಕೊಂಡ.

"ಅಲ್ಲರಿ," ಎಂದು ಅಜ್ಜಿ ಹೊಸ್ತಿಲು ದಾಟಿ ಬಂದಳು. "ಆದ್ರ ಮದುವಿ ಅರಿಶಿಣ ಕುಟ್ಟೋರು ನಾವು. ನಾವು ಕುಟ್ಟೂದಿಲ್ಲ. ನೀವು ಮೂವರೇ ಒನಕಿ ಹಿಡೀರಿ."

ಅಜ್ಜ ಎಲೆಯ ತಟ್ಟೆ ಕೆಳಗಿಟ್ಟ. ಆಮೇಲೆ ಹೊರಗೆ ಹೋಗಿ, "ಹುಡುಗಿ ಇನ್ನಾ ಸಣ್ಣಾಕಿ ಅದಾಳ್ರಿ," ಎಂದು ಮೆಲ್ಲಗೆ ಹೇಳಿದ್ದು ನಮಗೆ ನಾಲ್ವರಿಗೂ ಕೇಳಿಸಿತು.