ನೀರಿಲ್ಲದ ಕೋಣೆ

ಕೋಡಿಪೇಟೆ ಕಡಲಡಿಗೆ ಇಳಿದ ಮೇಲೆ ಹುಟ್ಟಿದವರಿಗೆಲ್ಲ ಕಿವಿರುಗಳಿದ್ದವು, ನಾಗವೇಣಿ ಖಾರ್ವಿಯೊಬ್ಬಳನ್ನು ಬಿಟ್ಟು. ಸರ್ಕಾರ ಕೊಡುವ ಗಾಳಿ ಸಿಲಿಂಡರನ್ನು ಬೆನ್ನಿಗೆ ಕಟ್ಟಿಕೊಂಡೇ ಅವಳು ಪೇಟೆಯಲ್ಲಿ ಸಿಗಡಿ ಮಾರುತ್ತಿದ್ದಳು. ಈ ಸಲದ ತಪಾಸಣೆಯಲ್ಲಿ ‘ಉಸಿರಾಟ ಸರಿಯಾಗಿದೆ’ ಎಂದು ಬರೆದು ಸಿಲಿಂಡರ್ ವಾಪಸು ಕೊಡಬೇಕೆಂದುಬಿಟ್ಟರು. ಅವಳು ಮೇಲ್ಮನವಿ ಹಾಕಿದಳು.

ವಿಚಾರಣೆಯೂ ಅದೇ ತಪಾಸಣೆಯ ಕೋಣೆಯಲ್ಲಿ. ನಿಯಮದಂತೆ ನೀರನ್ನೆಲ್ಲ ಪಂಪಿನಿಂದ ಹೊರಹಾಕಿದ್ದರು. ಅಧಿಕಾರಿ ಪಡಿಯಾರರು ಕುತ್ತಿಗೆಗೆ ಒದ್ದೆ ಬಟ್ಟೆ ಸುತ್ತಿಕೊಂಡು ಕೂತಿದ್ದರು.

“ಈಗಲೂ ಚೆನ್ನಾಗೇ ಉಸಿರಾಡ್ತಿದ್ದೀಯಲ್ಲ ಮಾರಾಯ್ತಿ!”

“ಇಲ್ಲಿ ನೀರು ತೆಗ್ದಿದ್ದೀರಿ ಸರ್. ನನ್ನ ಮನೇಲಿ, ಪೇಟೇಲಿ ಯಾರು ತೆಗೀತಾರೆ? ಅಲ್ಲಿಗೆ ಬಂದು ನೋಡಿ.”

“ಹೊರಗೆ ನೋಡೋ ನಿಯಮ ಇಲ್ಲ. ಸಿಲಿಂಡರ್ ಇಟ್ಟು ಹೋಗು.”

ನಾಗವೇಣಿ ಸಿಲಿಂಡರ್ ಬಿಚ್ಚಿ ಮೇಜಿನ ಮೇಲಿಟ್ಟಳು. ಆದರೆ ಹೋಗಲಿಲ್ಲ, ಕುರ್ಚಿಯಲ್ಲಿ ಗಟ್ಟಿಯಾಗಿ ಕೂತಳು.

“ಬಾಗಿಲು ತೆಗೆದ್ರೆ ನೀರು ನುಗ್ತದೆ, ನಾನು ಸಾಯ್ತೇನೆ. ಇಲ್ಲಿ ನನಗೆ ಎಂತ ತೊಂದ್ರೆಯೂ ಇಲ್ಲ ಅಂತ ನೀವೇ ಬರ್ದಿದ್ದೀರಿ. ಇಲ್ಲೇ ಇರ್ತೇನೆ.”

ಹೊತ್ತು ಸರಿದಂತೆ ಪಡಿಯಾರರ ಬಟ್ಟೆ ಒಣಗಿತು. ಕಿವಿರುಗಳು ಪಟಪಟನೆ ಬಡಿದುಕೊಂಡವು.

“ಅಮ್ಮಾ, ನೀರು ಬಿಡ್ಬೇಕು... ಅದನ್ನ ಕಟ್ಕೋ,” ಎಂದು ಏದುಸಿರು ಬಿಟ್ಟರು.

“ಹಾಂಗಾದ್ರೆ ನನಗೆ ಅದು ಬೇಕೇ ಬೇಕು ಅಂತ ಬರೀರಿ.”

ಅವರು ಆದೇಶ ಬರೆದು ಸಹಿ ಹಾಕಿದರು. ನಾಗವೇಣಿ ಅದನ್ನು ನಿಧಾನವಾಗಿ, ಪೂರ್ತಿ ಓದಿದಳು. ಆಮೇಲೆ ಸಿಲಿಂಡರ್ ಬಿಗಿದುಕೊಂಡು ಎದ್ದು, ತಾನೇ ಬಾಗಿಲು ತೆರೆದಳು.